ಮಗು ಏನು ಮಾಡಿತು, ಅಷ್ಟೇ ಬರಿ

ಒಬ್ಬರು ಬಸವಕಲ್ಯಾಣದ ಕಡೆಯ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಕಲಿಸಿ ನಿವೃತ್ತರಾದವರು, ಓಣಿಯವರಿಗೆಲ್ಲ ಅಕ್ಕೋರು. ಇನ್ನೊಬ್ಬಳು ಬೆಂಗಳೂರಿನಲ್ಲಿ ಮಾಂಟೆಸ್ಸರಿ ತರಬೇತಿ ಮುಗಿಸಿ ಬಂದು, ಹುಮನಾಬಾದಿನಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುತ್ತಿರುವವಳು. ಅಕ್ಕೋರ ಬಾಯಲ್ಲಿ ಅವಳು ತಂಗಿ.

ಅಕ್ಕೋರು: ಚೀಲ ಭಾಳ ವಜ್ಜ ಕಾಣ್ತದಲ್ಲ ತಂಗಿ. ಬಸ್ಸಿನಾಗ ಹ್ಯಾಂಗ ತಂದಿ?

ತಂಗಿ: ಎಲ್ಲಾ ವಹಿಗಳೇ ರೀ ಅಕ್ಕೋರೆ. ಒಬ್ಬೊಬ್ಬ ಮಗೂಗ ಒಂದೊಂದು. ನಿಮಗ ತೋರಿಸಬೇಕು ಅಂತ ತಂದೆ.

ಅಕ್ಕೋರು: ಯಾವುದಾದ್ರೂ ಒಂದು ತೆಗೆದು ಓದು. ಚಷ್ಮಾ ಒಳಗ ಅದ.

ತಂಗಿ: “ಹುಡುಗ, ನಾಲ್ಕು ವರ್ಷ. ಜಾಣ. ಚುರುಕು. ಸ್ವಲ್ಪ ಹಠ. ಗಮನ ಕಡಿಮೆ. ಎಲ್ಲರೊಂದಿಗೆ ಹೊಂದಿಕೊಳ್ಳುತ್ತಾನೆ.”

ಅಕ್ಕೋರು: ಸಾಕು ಸಾಕು. ಹೆಣ್ಣು ನೋಡ್ಲಿಕ್ಕ ಹೋದವರು ಮನಿಗೆ ಬಂದು ಹೇಳೋ ಮಾತಾಯ್ತು ಇದು. ಹುಡುಗ ಏನು ಮಾಡಿದ ಅಂತ ಎಲ್ಲಿ ಅದ?

ತಂಗಿ: ಇದು ನಾ ಬರ್ದದ್ದಲ್ರಿ, ನನಗಿಂತ ಮೊದಲಿದ್ದ ಮೇಡಂ ಬರ್ದದ್ದು. ಅದೇ ಹುಡುಗನ್ನ ನಾ ನೋಡಿ ಬರ್ದದ್ದು ಮುಂದಿನ ಪುಟದಾಗ ಅದ, ಕೇಳ್ರಿ. “9:50. ಚಾಪೆ ತಾನೇ ಹಾಸಿದ. ಸಿಲಿಂಡರ್ ಪೆಟ್ಟಿಗೆಯ ಹತ್ತೂ ಗುಂಡು ಹೊರಗೆ ತೆಗೆದ. ದಪ್ಪ ಗುಂಡನ್ನು ಸಣ್ಣ ಕುಳಿಗೆ ಒತ್ತಿದ, ಇಳಿಯಲಿಲ್ಲ. ನನ್ನ ಕಡೆ ನೋಡಿದ. ನಾನು ಮಾತಾಡಲಿಲ್ಲ. ಬೇರೆ ಕುಳಿಗೆ ಹಾಕಿದ, ಕೂತಿತು. ಸಣ್ಣದೊಂದನ್ನು ದೊಡ್ಡ ಕುಳಿಗೆ ಬಿಟ್ಟ. ಕೊನೆಗೆ ಒಂದು ಗುಂಡು ಕೈಯಲ್ಲೇ ಉಳಿಯಿತು. ಎಲ್ಲ ತೆಗೆದು ಮತ್ತೆ ಶುರು ಮಾಡಿದ. ಮೂರನೆಯ ಸಲಕ್ಕೆ ಸರಿ ಕೂತಿತು. ನಾಲ್ಕನೆಯ ಸಲ ತೆಗೆದ. 10:15ಕ್ಕೆ ತಿಂಡಿ ಗಂಟೆ ಆಯಿತು. ಬಿಟ್ಟು ಎದ್ದ.”

ಅಕ್ಕೋರು: ಇಪ್ಪತ್ತೈದು ನಿಮಿಷ ಕುಂತಾನ. ‘ಗಮನ ಕಡಿಮೆ’ ಅಂತ ಬರ್ದದ್ದು ಇವನ ಮ್ಯಾಲೇ ಏನು?

ತಂಗಿ: ಇವನ ಮ್ಯಾಲೇ ರೀ.

ಅಕ್ಕೋರು: ಆ ಮೇಡಂ ಸುಳ್ಳು ಬರ್ದಾರ ಅಂತ ನಾ ಅನ್ನೋದಿಲ್ಲ. ಎಲ್ಲರನ್ನ ಸಾಲಾಗಿ ಕೂಡಿಸಿ ಹಾಡು ಹೇಳಿಸೋ ಹೊತ್ತಿನಾಗ ಅವ ಕಿಟಕಿ ಕಡೆ ನೋಡಿರ್ತಾನ. ಅದೂ ಖರೇನೇ. ಆದ್ರ ಯಾವ ಹೊತ್ತು, ಕೈಯಾಗ ಏನು ಕೆಲಸ ಇತ್ತು, ಎರಡೂ ಬರೀಲಿಲ್ಲ. ಹೊತ್ತು ಬಿಟ್ಟು ಬರ್ದ್ರ ಅದು ಮಗುವಿನ ಸ್ವಭಾವ ಅಂತ ಆಗಿಬಿಡ್ತದ. ಒಂದನೇತ್ತೆಗೆ ಬರೋ ಹೊತ್ತಿಗೆ ಆ ಮಾತು ಮಗುವಿನ ಬೆನ್ನು ಹತ್ತಿ ಬಂದಿರ್ತದ. ‘ಇವ ಹಂಗೇ ರೀ’ ಅಂತಾರ.

ತಂಗಿ: ನಮ್ಮ ಪದ್ಧತಿ ಕಟ್ಟಿದ ಮಾಂಟೆಸ್ಸರಿ ಅಮ್ಮ ಡಾಕ್ಟರ್ ಕಲ್ತವರು ರೀ, 1896ರಾಗ ರೋಮ್‌ನಾಗ. ಅದಕ್ಕೇ ಇರಬೇಕು, ಮೊದಲ ನೋಡು, ಆಮ್ಯಾಲ ಔಷಧ ಅನ್ನೋ ರೂಢಿ ಅವರದು. ಫ್ರಾನ್ಸ್‌ದಾಗ ಇಟಾರ್ ಅಂತ ಒಬ್ಬ ವೈದ್ಯ ಇದ್ದ. ಕಾಡಿನಾಗ ಸಿಕ್ಕ ಒಬ್ಬ ಹುಡುಗಗ ಕಲಿಸಿ, ಅವ ಏನು ಮಾಡಿದ ಅಂತ ವರದಿ ಬರ್ದಿದ್ದ. ಅವನ ಶಿಷ್ಯ ಸೆಗಾಂ. ಇಬ್ಬರ ಬರಹಾನೂ ಈಕಿ ಇಟಾಲಿಯನ್‌ಗೆ ತಂದು, ಮೊದಲಿಂದ ಕಡೀತನಕ ಕೈಲೆ ಬರ್ದಿಟ್ಟುಕೊಂಡ್ರು. ಬರೀತಾ ಬರೀತಾ ಪ್ರತಿ ಮಾತು ತೂಗಿ ನೋಡಬಹುದು ಅಂತ.

ಅಕ್ಕೋರು: ಇದು ಚಲೋ ಅದ. ಈಗ ಮೊಬೈಲಿನಾಗ ಫೋಟೋ ಹೊಡೀತಾರ, ಓದೋದು ಯಾರೂ ಇಲ್ಲ.

ತಂಗಿ: 1907ರ ಜನವರಿ 6ಕ್ಕ ರೋಮ್‌ನ ಸಾನ್ ಲೊರೆಂಜೊ ಅನ್ನೋ ಬಡವರ ಓಣ್ಯಾಗ ಮಕ್ಕಳ ಮನಿ ತೆಗೆದ್ರು. ಅಲ್ಲಿ ಮೂರು ವರ್ಷದ ಒಂದು ಹುಡುಗಿ, ನಾ ಈಗ ಓದಿದ್ನಲ್ಲ, ಅದೇ ಸಿಲಿಂಡರ್ ಹಿಡ್ಕೊಂಡು ಕುಂತಿದ್ಳು. ತೆಗೆಯೋದು, ಹಾಕೋದು. ಅಮ್ಮ ಎಣಿಸ್ಲಿಕ್ಕ ಶುರು ಮಾಡಿದ್ರು. ನಡುವ ಉಳಿದ ಮಕ್ಕಳಿಗೆ ಹಾಡ್ಲಿಕ್ಕ ಹೇಳಿದ್ರು, ಈಕಿ ತಲಿ ಎತ್ತಲಿಲ್ಲ. ಕೂತ ಕುರ್ಚಿ ಸಮೇತ ಎತ್ತಿ ಮೇಜಿನ ಮ್ಯಾಲ ಇಟ್ರು, ಸಿಲಿಂಡರ್ ತೊಡಿ ಮ್ಯಾಲ ಇಟ್ಕೊಂಡು ಅಲ್ಲೂ ಅದೇ ಮಾಡಿದ್ಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ತಾನೇ ನಿಲ್ಲಿಸಿ, ನಿದ್ದಿಯಿಂದ ಎದ್ದವಳ ಹಂಗ ನಕ್ಕಳಂತ.

ಅಕ್ಕೋರು: ಹುಡುಗಿಗಿಂತ ನನಗ ಆ ಎಣಿಸಿದ ಅಮ್ಮನೇ ದೊಡ್ಡಾಕಿ ಅನಿಸ್ತಾಳ. ನಲವತ್ತು ಸಲ ಒಂದೇ ಕೆಲಸ ಮಾಡೋ ಮಕ್ಕಳು ಹಿಂದೂ ಇದ್ರು, ನಮ್ಮ ಊರಾಗೂ ಅವ. ‘ಸಾಕು ಬಿಡು, ಮುಂದಿಂದು ತಗೋ’ ಅಂತ ನಾವೇ ಕಸ್ಕೋತೀವಿ. ಎಣಿಸದೇ ಹೋಗಿದ್ರ, ಮೂರು ವರ್ಷದ ಕೂಸಿಗೆ ಅಷ್ಟು ತಾಳ್ಮಿ ಎಲ್ಲಿಂದ ಅಂತ ಜಗತ್ತು ಅಂದಿರ್ತಿತ್ತು.

ತಂಗಿ: ಅದಕ್ಕೇ ತರಬೇತ್ಯಾಗ ನಮಗ ಹೇಳ್ತಿದ್ರು: ಗೋಡಿಗೆ ಹತ್ತಿ ಸಣ್ಣ ಕುರ್ಚಿ ಹಾಕ್ಕೊಂಡು ಕೂಡು, ಮಗು ನೋಡಿದ್ರ ನಗಬ್ಯಾಡ, ಶಾಬಾಸ್ ಅನಬ್ಯಾಡ. ನಡುವ ಬಾಯಿ ಹಾಕಬೇಕು ಅನಿಸಿದಾಗೆಲ್ಲ ದಾರದಾಗ ಒಂದು ಮಣಿ ಸರಿಸು. ಮೊದಲನೇ ವಾರ ನನ್ನ ದಾರದಾಗ ಮಣಿ ಸಾಲಲಿಲ್ರಿ.

ಅಕ್ಕೋರು: ಆ ತಿಂಡಿ ಗಂಟಿ ಏನಾಯ್ತು?

ತಂಗಿ: ಅದನ್ನೇ ಹೇಳ್ಲಿಕ್ಕ ಹೊಂಟಿದ್ದೆ. ಅಮ್ಮ ಮಕ್ಕಳ ಮುಂಜಾನಿ ಕೆಲಸದ ನಕ್ಷೆ ಬರ್ದಾರ. ನಡುವ ಒಂದು ಅಡ್ಡಗೆರಿ. ಮಗು ಕೆಲಸದಾಗ ಮುಳುಗಿದ್ರ ಗೆರಿ ಮ್ಯಾಲ ಏರ್ತದ, ಗದ್ದಲ ಮಾಡಿದ್ರ ಕೆಳಗ ಇಳೀತದ. ಹತ್ತು ಗಂಟೆ ಸುಮಾರಿಗೆ ಇಡೀ ಖೋಲಿ ಒಂದೀಟು ಕಲಕಿದಂಗ ಆಗ್ತದ. ಹಗುರ ಕೆಲಸ ಮಾಡಿ ಬಿಟ್ಟಿರ್ತಾರ, ಅತ್ತಿತ್ತ ಓಡಾಡ್ತಾರ. ‘ದಣಿದ್ರು’ ಅಂತ ಹೊಸ ಶಿಕ್ಷಕಿ ಆಟಕ್ಕ ಬಿಡ್ತಾಳ. ಅದು ಸುಳ್ಳು ದಣಿವು ಅಂತಾರ ಅಮ್ಮ. ಸ್ವಲ್ಪ ಹೊತ್ತು ತಡೆದ್ರ ಮಕ್ಕಳು ತಾವೇ ದೊಡ್ಡ ಕೆಲಸ ಹಿಡೀತಾವ. ನಾನು ಒಂದು ವಾರ ನಮ್ಮ ಖೋಲೀದು ಹಂಗೇ ಗೆರಿ ಎಳೆದು ನೋಡಿದೆ. ನಮ್ಮ ಗಂಟಿ ಬರಾಬರ್ ಏರೋ ಹೊತ್ತಿಗೇ ಹೊಡೀತಿತ್ತು. ಆ ಹಾಳಿ ತಗೊಂಡು ಹೋಗಿ ಆಡಳಿತದವರಿಗೆ ತೋರಿಸಿದೆ. ಈಗ ಹನ್ನೊಂದಕ್ಕ ತಿಂಡಿ.

ಅಕ್ಕೋರು: ಬರೀ ಬಾಯಿಲೆ ಕೇಳಿದ್ರ ಕೊಡ್ತಿದ್ದಿಲ್ಲ. ಆದ್ರ ತಂಗಿ, ನಿನ್ನದು ಖಾಸಗಿ ಸಾಲಿ. ಇಪ್ಪತ್ತು ಮಕ್ಕಳು, ಕೈಗೊಬ್ಬಾಕಿ ಆಯಾ. ಸರ್ಕಾರಿ ಸಾಲ್ಯಾಗ 2013ರಿಂದ ಕ್ಷೀರಭಾಗ್ಯದ ಹಾಲು ಅದ, ಅದು ಕಾದಾಗ ಕೊಡಲೇಬೇಕು. ಹಸದು ಬಂದ ಮಗೂಗ ಏಕಾಗ್ರತೆ ಅಂತ ಹೇಳ್ತಾ ಕೂಡೋದು ನನಗ ಸೇರೋದಿಲ್ಲ. ಕಬ್ಬು ಕಡೀಲಿಕ್ಕ, ತೊಗರಿ ರಾಶಿಗೆ ಹೋಗೋ ತಾಯಿ ನಸುಕಿನಾಗ ಮನಿ ಬಿಟ್ಟಿರ್ತಾಳ. ಮಗು ಏನು ತಿಂದು ಬಂದದ ಅನ್ನೋದೂ ನಿನ್ನ ವಹ್ಯಾಗ ಇರಬೇಕು.

ತಂಗಿ: ಅದು ನಾ ಬರ್ದಿಲ್ರಿ.

ಅಕ್ಕೋರು: ಬರಿ. ಗುಂಡು ಎಷ್ಟು ಸಲ ಹಾಕಿದ ಅನ್ನೋದಕ್ಕಿಂತ ಅದು ಮೊದಲ.

ತಂಗಿ: ನಲಿ-ಕಲ್ಯಾಗ ನಿಮಗೂ ದಾಖಲಿ ಇತ್ತಲ್ಲ?

ಅಕ್ಕೋರು: ಇತ್ತು, ಮತ್ತ ಅದು ಭಾಳ ಶ್ಯಾಣ್ಯಾ ದಾಖಲಿ. ನಲಿ-ಕಲಿ ಮ್ಯಾಲಿಂದ ಇಳಿದ ಆದೇಶ ಅಲ್ಲ. 1995ರಾಗ ಮೈಸೂರು ಜಿಲ್ಲಾ ಎಚ್.ಡಿ. ಕೋಟೆ ತಾಲ್ಲೂಕಿನ ಮಾಸ್ತರರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಬಹುವರ್ಗದ ಹಳ್ಳಿ ಸಾಲಿ ನೋಡಿಕೊಂಡು ಬಂದು, ತಾವೇ ಕಾರ್ಡು ಬರ್ದು ಶುರು ಮಾಡಿದ್ದು. 2009-10ರ ಹೊತ್ತಿಗೆ ರಾಜ್ಯದ ಎಲ್ಲಾ ಕಡೆ ಬಂತು. ಗೋಡಿ ಮ್ಯಾಲ ಕಲಿಕಾ ಏಣಿ. ಒಂದೊಂದು ಮೆಟ್ಟಿಲಿಗೆ ಒಂದು ಚಿತ್ರ. ಮಗು ಬೆರಳು ಇಟ್ಟು ‘ನಾ ಇಲ್ಲಿ ಅದೀನಿ’ ಅಂತ ನೋಡ್ಕೊಂಡು, ತನ್ನ ಕಾರ್ಡು ತಾನೇ ತರ್ತಿತ್ತು. ಐದು ತಟ್ಟಿ, ಐದು ಗುಂಪು. ಒಂದು ಗುಂಪಿಗೆ ಪೂರಾ ನನ್ನ ಸಹಾಯ ಬೇಕು, ಇನ್ನೊಂದಕ್ಕ ಗೆಳೆಯರು ಸಾಕು, ಕಡೀ ಗುಂಪು ತಾನೇ ಕಲೀತದ. ನಾಲ್ಕು ದಿವಸ ಬರಲಾರದ ಮಗು ಐದನೇ ದಿವಸ ಬಂದ್ರ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಸುಗ್ಗಿಗೆ ಊರು ಬಿಟ್ಟು ಹೋಗೋ ಮಂದಿ ಇರೋ ನಮ್ಮ ಕಡಿಗೆ ಇದು ದೇವರು ಕೊಟ್ಟಂಗ ಇತ್ತು. ಅದರ ಮ್ಯಾಲ ಪ್ರಗತಿ ನೋಟ. ಮಗು ಯಾವ ಮೈಲಿಗಲ್ಲು ಎಂದು ಮುಗಿಸಿತು ಅಂತ ಗುರುತು.

ತಂಗಿ: ಮತ್ತ ಕೆಟ್ಟದ್ದು ಎಲ್ಲಿ?

ಅಕ್ಕೋರು: ದಿನಾ ಹಾಕೋ ಗುರುತು ಶನಿವಾರಕ್ಕ ಹೋಯ್ತು. ಶನಿವಾರದ್ದು, ಸಾಹೇಬ್ರು ಬರೋ ಹಿಂದಿನ ದಿವಸಕ್ಕ ಹೋಯ್ತು. ಒಂದೇ ಪೆನ್ನು, ಒಂದೇ ಶಾಯಿ, ನಲವತ್ತು ಮಕ್ಕಳಿಗೂ ಒಂದೇ ತಾರೀಖು ಇದ್ದ ಹಾಳಿ ನಾ ಕಂಡೀನಿ. ಅದು ಮಾಸ್ತರರ ಆಲಸ್ಯ ಅಂತ ಬೈದ್ರ ಅರ್ಧ ಮಾತಾಯ್ತು. ಅದೇ ಮಾಹಿತಿ ಪ್ರಗತಿ ನೋಟದಾಗ, ಅದೇ ಅಂಕಪಟ್ಟಿಯೊಳಗ, ಅದೇ ಕಂಪ್ಯೂಟರಿನಾಗ. ಬಿಸಿಊಟದ್ದು ಬ್ಯಾರೆ, ಹಾಲಿಂದು ಬ್ಯಾರೆ. ನಿರಂತರ ಮೌಲ್ಯಮಾಪನ 2009ರ ಶಿಕ್ಷಣ ಹಕ್ಕು ಕಾಯಿದೆಯೊಳಗೇ ಅದ. ಭಯ ಇಲ್ಲದ ಕಲಿಕಿ, ಮಗು ತಿಳ್ಕೊಂಡದ್ದನ್ನ ಸತತ ನೋಡೋದು ಅಂತ ಕಾಯಿದೆ ಹೇಳ್ತದ. ಸಾಲಿಗೆ ಬಂದು ಮುಟ್ಟೋ ಹೊತ್ತಿಗೆ ಸತತ ನೋಡೋದು ಹೋಗಿ ಸತತ ತುಂಬೋದು ಉಳೀತು.

ತಂಗಿ: ನಮ್ಮ ಮಾಂಟೆಸ್ಸರಿಯೊಳಗೂ ಆ ರೋಗ ಅದ, ಸುಳ್ಳು ಯಾಕ ಹೇಳ್ಲಿ. ನಮ್ಮ ಗುರುತು ತ್ರಿಕೋನ. ಒಂದು ಕೆಲಸ ಮಗೂಗ ತೋರಿಸಿಕೊಟ್ರ ಒಂದು ಗೆರಿ. ಮಗು ಅದನ್ನ ತಾನೇ ತಗೊಂಡು ಮಾಡ್ಲತ್ತಿದ್ರ ಎರಡನೇ ಗೆರಿ. ಕೈಗೆ ಹತ್ತಿದ್ರ ಮೂರನೇದು, ತ್ರಿಕೋನ ಮುಚ್ಚಿತು. ನೋಡ್ಲಿಕ್ಕ ಭಾಳ ಚಂದ. ಆದ್ರ ತಿಂಗಳ ಕಡೀಗೆ ಎಲ್ಲಾ ತ್ರಿಕೋನ ಮುಚ್ಚಿದ ಹಾಳಿ ಪಾಲಕರಿಗೆ ಬೇಕು, ಆಡಳಿತದವರಿಗೂ ಬೇಕು. ಗುಲಾಬಿ ಗೋಪುರದ ಹತ್ತು ಘನ ಒಂದರ ಮ್ಯಾಲ ಒಂದು ಇಟ್ಟ ಅಂದ್ರ ಮುಗೀತೇನು? ಎರಡು ವಾರ ಆದ ಮ್ಯಾಲ ಬಂದು ಕಡೀ ಒಂದು ಸೆಂಟಿಮೀಟರಿನ ಘನಾನ ಬೆರಳ ತುದೀಲೆ ಮೂಲಿಗೆ ಸರಿಸಿ ಇಡ್ತಾನ. ಆವಾಗ ಅವನ ಕೈ ಬ್ಯಾರೇನೇ ಏನೋ ಕಲೀಲತ್ತಿರ್ತದ. ತ್ರಿಕೋನ ಮೊದಲೇ ಮುಚ್ಚಿದ್ರ ಅದನ್ನ ಬರೀಲಿಕ್ಕ ಜಾಗ ಎಲ್ಲದ?

ಅಕ್ಕೋರು: ತ್ರಿಕೋನದ ಪಕ್ಕದಾಗ ಒಂದು ಖಾಲಿ ಖಾನೆ ಬಿಡು.

ತಂಗಿ: ಬಿಟ್ಟೀನ್ರಿ. ಅದೇ ಈ ವಹಿ. ಇನ್ನೊಂದು ಓದ್ಲೇನು? ಹುಡುಗಿ, ಮೂರೂವರಿ ವರ್ಷ. ಆಕಿ ಮ್ಯಾಲ ಬಂದ ಮಾತು ‘ಮಾತಾಡುವುದಿಲ್ಲ’. ಡಾಕ್ಟರ್ ಕಡೆ ತೋರಿಸ್ರಿ ಅಂತ ತಾಯಿಗೆ ಯಾರೋ ಹೇಳಿ ಹೆದರಿಸಿದ್ರು. ನನ್ನದು ಹಿಂಗದ: “ಸೋಮವಾರ. ‘ದೊಡ್ಡದು ಕೊಡು’ ಎಂದೆ, ಕೊಟ್ಟಳು. ‘ಸಣ್ಣದು ಕೊಡು’, ಕೊಟ್ಟಳು. ದೊಡ್ಡದನ್ನು ತೋರಿಸಿ ‘ಇದು ಎಂಥದು?’ ಎಂದೆ, ಸುಮ್ಮನಿದ್ದಳು. ಬುಧವಾರ. ತೊಗರಿ, ಹೆಸರು, ಉದ್ದು ಕಲಸಿದ ಬಟ್ಟಲು ತಾನೇ ತಂದಳು. ಮೂರೂ ಬೇರೆ ಮಾಡಿದಳು. ಹೆಸರಿನಲ್ಲಿ ಸೇರಿದ ಒಂದು ಉದ್ದಿನ ಕಾಳನ್ನು ಉಗುರಿನಿಂದ ತೆಗೆದಳು. ಶುಕ್ರವಾರ. ಗೋಪುರದ ತಳದ ಘನ ಎತ್ತುತ್ತಿದ್ದ ಹುಡುಗನಿಗೆ ‘ಮೋಠಾ, ಮೋಠಾ’ ಎಂದಳು.”

ಅಕ್ಕೋರು: ಅಯ್ಯ, ಮರಾಠಿ ಮನಿ ಮಗು!

ತಂಗಿ: ಹೌದ್ರಿ, ಮೋಠಾ ಅಂದ್ರ ದೊಡ್ಡದು. ದೊಡ್ಡದು ಸಣ್ಣದು ಆಕಿಗೆ ಗೊತ್ತು, ಕನ್ನಡದ ಮಾತು ಕಿವಿಗೆ ಬಿದ್ರ ತಿಳೀತದ, ಬಾಯಿಗೆ ಇನ್ನ ಬಂದಿಲ್ಲ. ಸೆಗಾಂ ಹೇಳಿದ ಪಾಠದಾಗ ಮೂರು ಹಂತ ಅವ. ಮೊದಲ ಹೆಸರು ಹೇಳೋದು, ಆಮ್ಯಾಲ ‘ಅದು ಯಾವುದು, ಕೊಡು’, ಕಡೀಗೆ ‘ಇದೇನು’. ಆಕಿ ಎರಡರಾಗ ಗಟ್ಟಿ ಅದಾಳ, ಮೂರರಾಗ ಮರಾಠಿ ಅದಾಳ. ‘ಮಾತಾಡುವುದಿಲ್ಲ’ ಅಂದ್ರ ಇದ್ಯಾವುದೂ ಕಾಣೋದಿಲ್ಲ. ಈಗ ನಾ ಎರಡೂ ಭಾಷಾದಾಗ ಹೆಸರು ಹೇಳ್ತೀನಿ. ಮರಾಠಿ ಬರೋ ಇನ್ನೊಂದು ಹುಡುಗಿ ಚಾಪಿ ಇವಳ ಚಾಪಿ ಬಾಜೂಕ ಹಾಸ್ತೀನಿ.

ಅಕ್ಕೋರು: ಕಲ್ಯಾಣ ಅಂದ ಕೂಡಲೇ ಭಾಷಣಕ್ಕ ನಿಂತವರಿಗೆಲ್ಲ ಅನುಭವ ಮಂಟಪ ನೆನಪಾಗ್ತದ. ನನಗ ನೆನಪಾಗೋದು ಒಂದನೇತ್ತೆ ಖೋಲಿ. ಒಂದು ಸಾಲಿನಾಗ ಮರಾಠಿ, ಒಂದು ಸಾಲಿನಾಗ ದಖನಿ ಉರ್ದು, ತಾಂಡಾದಿಂದ ಬಂದ ಮಕ್ಕಳದು ಲಂಬಾಣಿ, ಉಳಿದವರದು ನಮ್ಮ ಕನ್ನಡ. ಪುಸ್ತಕದ ಕನ್ನಡ ಯಾರದೂ ಅಲ್ಲ. ಇದು ಇವತ್ತಿಂದಲ್ಲ. ನನ್ನ ಅಪ್ಪ ನಿಜಾಮನ ಕಾಲದಾಗ ಕಲ್ತವರು, ಮನ್ಯಾಗ ಕನ್ನಡ, ಸಾಲ್ಯಾಗ ಉರ್ದು. 1948ರ ಸೆಪ್ಟೆಂಬರಿಗೆ ನಿಜಾಮನ ಆಳ್ವಿಕಿ ಮುಗೀತು, 56ಕ್ಕ ನಾವು ಮೈಸೂರಿಗೆ ಸೇರಿದಿವಿ. ಸಾಲಿ ಮಾತು ಬದಲಾಯ್ತು. ಮೊದಲನೇ ದಿವಸ ಏನೂ ತಿಳೀದೇ ಕೂಡೋ ಮಗು ಮಾತ್ರ ಉಳೀತು. ಅಂಥ ಎಷ್ಟು ಮಕ್ಕಳ ಮ್ಯಾಲ ‘ದಡ್ಡ’ ಅಂತ ಬರ್ದಾರೋ!

ತಂಗಿ: ಅದೇ ಕಾಲದಾಗ ಮಾಂಟೆಸ್ಸರಿ ಅಮ್ಮ ನಮ್ಮ ದೇಶದಾಗೇ ಇದ್ರು. 1939ರ ನವೆಂಬರಿನಾಗ ಮದ್ರಾಸಿನ ಅಡ್ಯಾರಕ್ಕ ಬಂದು ಶಿಕ್ಷಕರಿಗೆ ತರಬೇತಿ ಶುರು ಮಾಡಿದ್ರು. ಯುದ್ಧ ಹತ್ತಿ, ಇಟಲಿಯವರು ಅಂತ ಇಂಗ್ಲಿಷರು ಮಗನ್ನ ಅಹಮದ್‌ನಗರದಾಗ ಹಿಡಿದಿಟ್ರು, ಅಮ್ಮನ 70ನೇ ಹುಟ್ಟುಹಬ್ಬಕ್ಕ ಬಿಟ್ರು. 1946ರ ತನಕ ಅವರಿಗೆ ಊರಿಗೆ ಹೋಗ್ಲಿಕ್ಕ ಆಗಲಿಲ್ಲ, ಕೆಲವು ಕಾಲ ಕೊಡೈಕೆನಾಲ್‌ನಾಗ ಇದ್ದು ಮಕ್ಕಳನ್ನ ನೋಡಿದ್ರು.

ಅಕ್ಕೋರು: ಆಕಿ ಪೆಟ್ಟಿಗಿ ಮಾತ್ರ ಶ್ರೀಮಂತರ ಸಾಲ್ಯಾಗೇ ಉಳೀತು. ನಿನ್ನ ಸಿಲಿಂಡರ್ ರೊಕ್ಕದಾಗ ಒಂದು ಅಂಗನವಾಡಿಗೆ ಎಷ್ಟೋ ಸಾಮಾನು ಬರ್ತದ.

ತಂಗಿ: ತಾರಾಬಾಯಿ ಮೋಡಕ್ ಅದನ್ನ ಬಿಡಿಸಿದ್ರಲ್ರಿ. ಭಾವನಗರದಾಗ ಮಕ್ಕಳ ಸಾಲಿ ನಡೆಸ್ತಿದ್ದ ಗಿಜುಭಾಯಿ ಬಧೇಕಾ ಕಡೆ ಕೆಲಸ ಮಾಡಿ, 1945ರಾಗ ಬೋರ್ಡಿ ಅನ್ನೋ ಹಳ್ಳಿಗೆ ಹೋಗಿ ಕುಂತ್ರು. ಆಮ್ಯಾಲ ಕೋಸಬಾಡ, ವಾರ್ಲಿ ಆದಿವಾಸಿ ಮಕ್ಕಳ ನಡುವ. ಮಕ್ಕಳು ಸಾಲಿಗೆ ಬರಲಿಲ್ಲ ಅಂದ್ರ ಸಾಲೀನೇ ಅಂಗಳಕ್ಕ ಒಯ್ದ್ರು. ಬೀಜ, ಕಲ್ಲು, ಮಣ್ಣಿನ ಸಾಮಾನು. ನನ್ನ ತೊಗರಿ-ಹೆಸರಿನ ಬಟ್ಟಲು ಅವರಿಂದಲೇ ಬಂದದ್ದು. ಸಾಮಾನು ಕಡಿಮಿ ಮಾಡಬಹುದು ರೀ, ನೋಡೋದು ಕಡಿಮಿ ಮಾಡ್ಲಿಕ್ಕ ಬರೋದಿಲ್ಲ.

ಅಕ್ಕೋರು: ಈಗ ಸರ್ಕಾರಾನೂ ಅಂಗನವಾಡಿಗೆ ಮಾಂಟೆಸ್ಸರಿ ಅಂತ ಹೆಸರು ಕೊಡ್ಲತ್ತದ. 2024ರಾಗ ಬೆಂಗಳೂರಿನಾಗ ಶುರು ಮಾಡ್ಯಾರ. ಫಲಕ ಬದಲು ಮಾಡೋದು ಒಂದು ದಿವಸದ ಕೆಲಸ. ಅಂಗನವಾಡಿ ಟೀಚರಿನ ಕೈಯಾಗ ಏನೇನು ಅದ ನೋಡು: ಮಗುವಿನ ತೂಕ, ಎತ್ತರ, ಬಸುರಿ ಬಾಣಂತ್ಯಾರ ಲೆಕ್ಕ, ತತ್ತಿ ಲೆಕ್ಕ, ಮೊಬೈಲಿನಾಗ ಪೋಷಣ್ ಟ್ರ್ಯಾಕರ್. ಮಗು ಎಷ್ಟು ಕಿಲೋ ಅದ ಅನ್ನೋದು ದಿಲ್ಲಿ ತನಕ ಗೊತ್ತು. ಏನು ಮಾಡಿದ್ರ ಅದು ಅರ್ಧ ತಾಸು ಕೂಡ್ತದ ಅನ್ನೋದು ಬಾಜೂ ಓಣಿಗೂ ಗೊತ್ತಿಲ್ಲ.

ತಂಗಿ: ತೂಕ ಬ್ಯಾಡ ಅಂತೀರೇನು?

ಅಕ್ಕೋರು: ಹಂಗ್ಯಾಕ ಅಂತೀನಿ? ತೂಕ ಜೀವ ಉಳಿಸ್ತದ. ನಿನ್ನ ಮಾಂಟೆಸ್ಸರಿ ಅಮ್ಮಾನೂ ಎತ್ತರ, ತೂಕ ಅಳೆದು ಬರೀತಿದ್ರು ಅಲ್ಲೇನು? ಕೆಲಸ ಇಲ್ಲದ ನಕಲು ಬ್ಯಾಡ ಅಂತೀನಿ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ನಾನೂ ಓದೀನಿ. ಎಂಟು ವರ್ಷದ ತನಕದ ಮಕ್ಕಳನ್ನ ಅಳೀಲಿಕ್ಕ ಎರಡೇ ದಾರಿ ಒಪ್ತಾವ ಅಂತ ಅದ್ರಾಗ ಅದ. ಮಗುವನ್ನ ನೋಡೋದು, ಮಗು ಮಾಡಿದ್ದನ್ನ ನೋಡೋದು. ನೀ ಹೇಳೋದೂ ಅದೇ, ನಲಿ-ಕಲಿ ಹೇಳಿದ್ದೂ ಅದೇ. ಹೇಳಿದ್ದಕ್ಕ ಕೊರತಿ ಇಲ್ಲ. ಟೀಚರಿಗೆ ಹೊತ್ತು ಎಲ್ಲಿಂದ ಬರಬೇಕು ಅನ್ನೋದೊಂದು ಯಾರೂ ಬರ್ದಿಲ್ಲ.

ತಂಗಿ: ನಾ ಸಾಧಾರಣ ದಿನಾ ಇಬ್ಬರೇ ಮಕ್ಕಳನ್ನ ನೋಡೋದು. ಒಬ್ಬೊಬ್ಬರಿಗೆ ಕಡಿಮಿ ಅಂದ್ರ ಹತ್ತು ನಿಮಿಷ. ಕೈಯಾಗ ಸಣ್ಣ ಚೀಟಿ, ನಾಲ್ಕು ಮಾತು, ಹೊತ್ತು. ಮಕ್ಕಳು ಹೋದ ಮ್ಯಾಲ ವಹಿಗೆ ಏರಿಸ್ತೀನಿ, ಕೆಳಗ ಒಂದು ಗೆರಿ ಎಳೆದು ‘ನಾಳೆ’ ಅಂತ ಬರ್ದು, ಮುಂದ ಏನು ಇಡಬೇಕು ಅಂತ ಒಂದು ಸಾಲು. ಎರಡು ವಾರಕ್ಕ ಒಂದು ಸುತ್ತು ಬರ್ತದ.

ಅಕ್ಕೋರು: ಆ ‘ನಾಳೆ’ ಸಾಲು ಖಾಲಿ ಇದ್ರ?

ತಂಗಿ: ಖಾಲಿ ಇದ್ರ ನಾ ಸರಿಯಾಗಿ ನೋಡಿಲ್ಲ ಅಂತ ತಿಳ್ಕೋತೀನಿ. ಇಲ್ಲಾ, ಮಗು ಮಾಡೋದೇ ಬರಾಬರ್ ಅದ, ಬಿಡಬೇಕು ಅಂತ. ಆವಾಗ ‘ಬಿಡು’ ಅಂತ ಬರೀತೀನಿ.

ಅಕ್ಕೋರು: ಪಾಲಕರು ಏನಂತಾರ?

ತಂಗಿ: ‘ಎ ಬಿ ಸಿ ಡಿ ಎಲ್ಲಿ ತನಕ ಬಂತು?’ ಅಂತಾರ. ಯಾರು ಮೊದಲು ಬಂದ್ರು ಅಂತ ಕೇಳ್ತಾರ. ನಾ ಈ ಮರಾಠಿ ಹುಡುಗಿ ತಾಯಿಗೆ ಆ ಶುಕ್ರವಾರದ ಸಾಲು ಓದಿ ಹೇಳಿದೆ. ಆಕಿಗೆ ಓದ್ಲಿಕ್ಕ ಬರೋದಿಲ್ಲ. ‘ಉಗುರಿಲೆ ಉದ್ದಿನ ಕಾಳು ತೆಗೆದ್ಳಾ? ಮನ್ಯಾಗ ನನ್ನ ಜೋಡಿ ಮೊರದಾಗ ಬ್ಯಾಳಿ ಆರಿಸ್ಲಿಕ್ಕ ಕೂಡ್ತಾಳ’ ಅಂದ್ಳು. ಅದನ್ನೂ ಬರ್ಕೊಂಡೆ. ಆದ್ರ ಬ್ಯಾರೆ ಮಕ್ಕಳ ವಹಿ ಆಕಿ ಮುಂದ ತೆಗೆಯೋದಿಲ್ಲ. ಒಬ್ಬರ ಮಗಂದು ಇನ್ನೊಬ್ಬರಿಗೆ ಯಾಕ?

ಅಕ್ಕೋರು: ಅದು ಸರಿ. ಮಗು ಕೇಳೋ ಹಂಗೂ ಓದಬ್ಯಾಡ.

ತಂಗಿ: ಅಕ್ಕೋರೆ, ಮುಂದಿನ ತಿಂಗಳ ನಮ್ಮಲ್ಲಿ ಅಂಗನವಾಡಿ ಟೀಚರಗಳ ಜೋಡಿ ಒಂದು ಮಾತುಕತಿ ಇಟ್ಟೀವಿ, ತಪಾಸಣಿ ಮಾಡೋರೂ ಬರ್ತಾರ. ನೀವು ಬಂದು ಎರಡು ಮಾತು ಹೇಳಬೇಕು.

ಅಕ್ಕೋರು: ಟೀಚರಗಳಿಗೆ ನಾ ಹೇಳೋದೇನಿಲ್ಲ, ಅವರಿಗೆ ಮಕ್ಕಳು ಗೊತ್ತು. ನಂದೇನಿದ್ರೂ ಸಾಹೇಬ್ರಿಗೆ. ನೀವು ಬಂದಾಗ ಎಷ್ಟು ರಿಜಿಸ್ಟರ್ ತುಂಬ್ಯಾವ ಅಂತ ಎಣಿಸಬ್ಯಾಡ್ರಿ. ಒಂದು ಮಗುವಿನ ಹೆಸರು ಹಿಡಿದು ಕೇಳ್ರಿ: ಇದನ್ನ ನೋಡಿದ ಮ್ಯಾಲ ನೀವು ಏನು ಬದಲು ಮಾಡಿದ್ರಿ? ಟೀಚರ್ ಹೇಳಿದ್ರ ಅದೇ ದಾಖಲಿ, ಸಹಿ ಹಾಕ್ರಿ. ಅದಕ್ಕ ಉತ್ತರ ಕೊಡ್ಲಾರದ ರಿಜಿಸ್ಟರ್ ಇದ್ರ, ಅದನ್ನ ಬರೀರಿ ಅಂತ ಮುಂದಿನ ವರ್ಷ ಹೇಳಬ್ಯಾಡ್ರಿ.